ಬೈಂಡಿಂಗ್ ಮಾಡಿಸುವ ಪುಸ್ತಕಕ್ಕೆ ಮಾರ್ಜಿನ್: ವರ್ಡ್ ಮತ್ತು ಲಿಬ್ರೆ ಆಫೀಸ್ ಎರಡನ್ನೂ ಬಳಸಿ ನೋಡಿದ ಮೇಲೆ

ನಮ್ಮ ತಂದೆಯವರು ಭಜನೆಯಲ್ಲಿ ಹಾಡುತ್ತಿದ್ದ ಪದಗಳನ್ನು ಅವರ ನೋಟ್‌ಬುಕ್ಕುಗಳಿಂದ ಟೈಪ್ ಮಾಡಿ, ಜಮಖಂಡಿಯ ನಮ್ಮ ಓಣಿಯ ಭಜನಾ ಮಂಡಳಿಗೆ ಶ್ರಾವಣ ಬರುವುದರೊಳಗೆ 25 ಪ್ರತಿ ಕೊಡಬೇಕೆಂದು ಹೊರಟಿದ್ದೆ. ಹಿರಿಯರ ಕಣ್ಣಿಗೆ ಅನುಕೂಲವಾಗಲೆಂದು ದೊಡ್ಡ ಅಕ್ಷರದಲ್ಲಿ, ಎ4 ಹಾಳೆಯ ಎರಡೂ ಮಗ್ಗುಲಿಗೆ ಅಚ್ಚು ಹಾಕಿಸುವುದೆಂದು ಗೊತ್ತುಮಾಡಿದೆ. ಆ ಕೆಲಸಕ್ಕೆ ಮೂರು ವಿಧಾನಗಳನ್ನು ಬಳಸಿ ನೋಡಿದ್ದೇನೆ. ವರ್ಡ್‌ನಂತೆಯೇ ಬರಹ ಸಿದ್ಧಪಡಿಸುವ ಲಿಬ್ರೆ ಆಫೀಸ್ ರೈಟರ್‌ನ ಮಿರರ್ಡ್ ಪುಟ ವಿನ್ಯಾಸವೇ, ಅಂದರೆ ಎದುರುಬದುರು ಪುಟಗಳಲ್ಲಿ ಎಡ-ಬಲ ಮಾರ್ಜಿನ್ ಕನ್ನಡಿಯಲ್ಲಿಯಂತೆ ಅದಲುಬದಲಾಗುವ ವಿನ್ಯಾಸವೇ, ನನಗೆ ಒಗ್ಗಿತು. ಅದರಲ್ಲಿಯೂ ಒಂದು ತೊಡಕಿದೆ, ಅದನ್ನು ಮುಂದೆ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯ ಸಲ ಅಣ್ಣನ ಮಗನ ಲ್ಯಾಪ್‌ಟಾಪಿನಲ್ಲಿ, ವರ್ಡ್‌ನಲ್ಲಿ, ಎಡಕ್ಕೆ 32 ಮಿ.ಮೀ., ಬಲಕ್ಕೆ 15 ಮಿ.ಮೀ. ಮಾರ್ಜಿನ್ ಇಟ್ಟೆ. ಕಚೇರಿಯ ವರದಿಗಳಲ್ಲಿ ಒಂದೇ ಮಗ್ಗುಲಿಗೆ ಅಚ್ಚು ಹಾಕುವುದರಿಂದ ಈ ರೂಢಿ ಅಲ್ಲಿ ನಡೆಯುತ್ತದೆ. ಎರಡೂ ಮಗ್ಗುಲಿಗೆ ಹಾಕಿದಾಗ ಹಾಳೆಯ ಹಿಂಬದಿಯಲ್ಲಿ ಹೊಲಿಗೆ ಬೀಳುವುದು ಬಲಕ್ಕೆ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ನಾಲ್ಕು ಪ್ರತಿ ಬೈಂಡಿಂಗ್ ಆಗಿ ಬಂದವು. ಬಿಡಿ ಹಾಳೆಗಳಾದ್ದರಿಂದ ಬೈಂಡರ್ ಅಂಚಿನಿಂದ 12 ಮಿ.ಮೀ. ಒಳಗೆ ತೂತು ಕೊರೆದು ದಾರ ಹಾಯಿಸಿದ್ದರು. ಎಡಪುಟಗಳಲ್ಲಿ ಉಳಿದದ್ದು 3 ಮಿ.ಮೀ. ಮಾತ್ರ. ಸಾಲಿನ ಕೊನೆಯ ಶಬ್ದ, ಅಂದರೆ ಪ್ರಾಸ ಕೂಡುವ ಶಬ್ದವೇ, ಹೊಲಿಗೆಯ ಸಂದಿಯಲ್ಲಿ ಮುಳುಗಿತ್ತು. ತಾಳ ಹಿಡಿದು ಕೂತವರ ಎರಡೂ ಕೈ ಕೆಲಸದಲ್ಲಿರುತ್ತವೆ. ಪುಸ್ತಕವನ್ನು ಒತ್ತಿ ಬಿಡಿಸಿ ನೋಡುವವರು ಯಾರು? ಆ ನಾಲ್ಕೂ ಪ್ರತಿಗಳು ಮನೆಯಲ್ಲಿಯೇ ಉಳಿದವು.

ಗಟರ್ ಎಂಬ ಆಯ್ಕೆಯನ್ನು ನಂಬಿ ಎರಡನೆಯ ಪ್ರಯತ್ನ ಮಾಡಿದೆ. ಬೈಂಡಿಂಗಿಗಾಗಿ ಮಾರ್ಜಿನ್ನಿನ ಮೇಲೆ ಹೆಚ್ಚುವರಿ ಜಾಗ ಬಿಡುವುದು ಅದರ ಕೆಲಸ. ಆದರೆ ಪುಟಗಳ ಆಯ್ಕೆ ‘ನಾರ್ಮಲ್’ ಇರುವಾಗ ಆ ಜಾಗ ಎಲ್ಲ ಪುಟಗಳಲ್ಲಿಯೂ ಎಡಕ್ಕೇ ಸೇರುತ್ತದೆ, ಅದಲುಬದಲಾಗುವುದಿಲ್ಲ. ‘ಮಿರರ್ ಮಾರ್ಜಿನ್ಸ್’ ಆರಿಸಿದಾಗ ಮಾತ್ರ ಎಡ, ಬಲ ಎಂಬ ಹೆಸರುಗಳು ಹೋಗಿ ಇನ್‌ಸೈಡ್, ಔಟ್‌ಸೈಡ್ ಎಂದಾಗುತ್ತವೆ, ಗಟರ್ ಒಳಬದಿಗೆ ಸೇರುತ್ತದೆ. ಹೀಗೆ ಮಾಡಿದ ಮೇಲೆ ವರ್ಡ್‌ನಲ್ಲಿಯೂ ಮಾರ್ಜಿನ್ ಸರಿಯಾಗಿಯೇ ಬಂತು.

ಆದರೂ ನಾನು ವರ್ಡ್ ಬಿಟ್ಟದ್ದಕ್ಕೆ ಕಾರಣವಿದೆ. ಪುಸ್ತಕದಲ್ಲಿ ಎಂಟು ವಿಭಾಗಗಳಿದ್ದವು, ಪ್ರತಿಯೊಂದಕ್ಕೂ ಸೆಕ್ಷನ್ ಬ್ರೇಕ್ (ವಿಭಾಗಗಳನ್ನು ಬೇರ್ಪಡಿಸುವ ಗುರುತು) ಹಾಕಿದ್ದೆ. ಒಳ ಮಾರ್ಜಿನ್ನನ್ನು 30ರಿಂದ 32ಕ್ಕೆ ಏರಿಸಿದರೆ ಅದು ಕರ್ಸರ್ ಇದ್ದ ವಿಭಾಗಕ್ಕೆ ಮಾತ್ರ ಅನ್ವಯವಾಯಿತು. ‘ಇಡೀ ದಸ್ತಾವೇಜಿಗೆ’ ಎಂದು ಪ್ರತಿ ಸಲ ನೆನಪಿಟ್ಟು ಆರಿಸಬೇಕಿತ್ತು. ರೈಟರ್‌ನಲ್ಲಿ ಮಾರ್ಜಿನ್ ಇರುವುದು ಪುಟ ಶೈಲಿಯಲ್ಲಿ, ಅಂದರೆ ಪುಟದ ಅಳತೆಗಳನ್ನು ಒಂದು ಹೆಸರಿನಡಿ ಕೂಡಿಸಿಟ್ಟ ವ್ಯವಸ್ಥೆಯಲ್ಲಿ. ವಿಭಾಗದ ಮೊದಲ ಪುಟಕ್ಕೊಂದು, ಉಳಿದ ಪುಟಗಳಿಗೊಂದು, ಹೀಗೆ ನನಗಿದ್ದದ್ದು ಎರಡೇ ಶೈಲಿ. ಅವೆರಡನ್ನು ತಿದ್ದಿದರೆ 184 ಪುಟಗಳೂ ಒಮ್ಮೆಗೇ ಬದಲಾಗುತ್ತವೆ.

ಇನ್ನು ರೈಟರ್‌ನ ತೊಡಕು. ಪ್ರತಿ ವಿಭಾಗ ಬಲಪುಟದಿಂದಲೇ ಆರಂಭವಾಗಲೆಂದು ಪುಟ ಶೈಲಿಯಲ್ಲಿ ಹೇಳಿದ್ದೆ. ಮೊದಲ ವಿಭಾಗ 15ನೆಯ ಪುಟಕ್ಕೆ ಮುಗಿದಿತ್ತು. ಆದ್ದರಿಂದ ರೈಟರ್ 16ನ್ನು ಖಾಲಿ ಬಿಟ್ಟು, ಎರಡನೆಯದನ್ನು 17ರಿಂದ ಆರಂಭಿಸಿತು. ಇದು ಸರಿಯೇ. ಆದರೆ ಪಿಡಿಎಫ್ ಮಾಡುವಾಗ, ನಾವಾಗಿ ಹೇಳದ ಹೊರತು, ತಾನೇ ಸೇರಿಸಿದ ಇಂಥ ಖಾಲಿ ಪುಟಗಳನ್ನು ಅದು ಕೈಬಿಡುತ್ತದೆ. ಹಾಗಾಗಿ ಝೆರಾಕ್ಸ್ ಅಂಗಡಿಯಲ್ಲಿ 17ನೆಯ ಪುಟ 15ರ ಬೆನ್ನಿಗೇ ಅಚ್ಚಾಯಿತು. ಬಲಪುಟಕ್ಕೆಂದು ಎಡಕ್ಕೆ ಬಿಟ್ಟಿದ್ದ ಅಗಲವಾದ ಜಾಗ ಹೊರಬದಿಗೆ ಹೋಯಿತು, ಅಕ್ಷರಗಳು ಮತ್ತೆ ಹೊಲಿಗೆಯ ಕಡೆಗೆ ಸರಿದವು.

ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಎರಡನೆಯ ವಿಭಾಗ 37ಕ್ಕೆ ಮುಗಿದು, 38ನೆಯ ಖಾಲಿ ಪುಟವೂ ಬಿಟ್ಟುಹೋದಾಗ, ಮೂರನೆಯ ವಿಭಾಗ ತಾನಾಗಿಯೇ ಸರಿಯಾದ ಮಗ್ಗುಲಿಗೆ ಬಂದು ಕೂಡುತ್ತದೆ. ನಾನು ಮೊದಲ ಕೆಲವು ಹಾಳೆಗಳನ್ನು, ನಡುವಿನ ಕೆಲವನ್ನು ತೆಗೆದು ನೋಡಿದೆ, ಎಲ್ಲವೂ ನೆಟ್ಟಗಿದ್ದವು. ತಪ್ಪಿದ್ದದ್ದು ಅವುಗಳ ನಡುವೆ. ಪಿಡಿಎಫ್‌ನಲ್ಲಿ ಒಟ್ಟು 179 ಪುಟಗಳಿದ್ದು, ಕೊನೆಯ ಪುಟದ ಅಡಿಯಲ್ಲಿ 184 ಎಂದಿದ್ದುದನ್ನು ಕಂಡಾಗ ಐದು ಖಾಲಿ ಪುಟ ಎಲ್ಲಿ ಹೋದವೆಂಬುದು ತಿಳಿಯಿತು. ಪಿಡಿಎಫ್ ರಫ್ತಿನ ಕಿಟಕಿಯಲ್ಲಿ ‘ತಾನಾಗಿ ಸೇರಿಸಿದ ಖಾಲಿ ಪುಟಗಳನ್ನೂ ಕಳಿಸು’ ಎಂಬರ್ಥದ ಚೌಕಕ್ಕೆ ಟಿಕ್ ಹಾಕಿದರೆ ಮುಗಿಯಿತು. ಈಗ ಪಿಡಿಎಫ್‌ನ ಒಟ್ಟು ಪುಟಗಳೂ ಕೊನೆಯ ಪುಟದ ಅಡಿಯ ಸಂಖ್ಯೆಯೂ ಒಂದೇ ಆಗುವವರೆಗೆ ಪೆನ್‌ಡ್ರೈವನ್ನು ಯಾರ ಕೈಗೂ ಕೊಡುವುದಿಲ್ಲ. ವರ್ಡ್‌ನಲ್ಲಿ ಈ ತೊಂದರೆ ನನಗೆ ಬರಲಿಲ್ಲ ಎಂಬುದನ್ನೂ ಹೇಳಬೇಕು.

ಪುಟಸಂಖ್ಯೆಯನ್ನು ಹೊರ ಮೂಲೆಗೆ ತರುವುದು ಎರಡರಲ್ಲಿಯೂ ಸುಲಭ. ಗಟರ್ ಸೌಲಭ್ಯ ಲಿಬ್ರೆ ಆಫೀಸಿಗೂ 7.2ನೆಯ ಆವೃತ್ತಿಯಿಂದ ಬಂದಿದೆ. ನಾನು ಅದನ್ನು ಮುಟ್ಟದೆ ಒಳಕ್ಕೆ ನೇರವಾಗಿ 32, ಹೊರಕ್ಕೆ 18 ಎಂದೇ ಬರೆದೆ, ಏಕೆಂದರೆ ಬೈಂಡರ್ ಕಟಿಂಗ್‌ನಲ್ಲಿ ಹೊರ ಅಂಚಿನ 3 ಮಿ.ಮೀ. ಹೋಗುತ್ತದೆ. ಅಂಗಡಿಯವರಿಗೆ ‘ಫಿಟ್’ (ಹಾಳೆಗೆ ಹೊಂದುವಂತೆ ಅಳತೆ ಬದಲಿಸುವುದು) ಬೇಡ, ಇದ್ದ ಅಳತೆಯಲ್ಲಿಯೇ ಅಚ್ಚು ಹಾಕುವ ‘ಆ್ಯಕ್ಚುವಲ್ ಸೈಜ್’ ಇರಲಿ ಎಂದು ಹೇಳಿ, ಒಂದು ಹಾಳೆಯನ್ನು ಅಳತೆಪಟ್ಟಿಯಿಂದ ಅಳೆದು ನೋಡುವುದು ಒಳ್ಳೆಯದು. ಸ್ಪೈರಲ್ ಹಾಕಿಸುವವರಿಗೆ ಇಷ್ಟೊಂದು ಒಳ ಮಾರ್ಜಿನ್ ಬೇಕಿಲ್ಲ.

ನನ್ನದು ಹಳೆಯ ಕಂಪ್ಯೂಟರ್. ವರ್ಷಕ್ಕೊಮ್ಮೆ ಬರುವ ಇಂಥ ಕೆಲಸಕ್ಕಾಗಿ ವರ್ಡ್‌ಗೆ ಹಣ ಕಟ್ಟುವ ಅನುಕೂಲ ನನಗಿಲ್ಲ, ಅಣ್ಣನ ಮಗ ರಜೆ ಮುಗಿಸಿ ಬೆಳಗಾವಿಗೆ ಹೋದ ಮೇಲೆ ಅವನ ಲ್ಯಾಪ್‌ಟಾಪೂ ಹೋಯಿತು. ರೈಟರ್‌ಗೆ ಹಣ ಕೊಡಬೇಕಿಲ್ಲ. ನಿತ್ಯ ವರ್ಡ್‌ನಲ್ಲಿಯೇ ಕೆಲಸ ಮಾಡುವವರು ಅದನ್ನು ಬಿಡಬೇಕಾಗಿಯೂ ಇಲ್ಲ. 25 ಪ್ರತಿಗಳು ಶ್ರಾವಣದ ಮೊದಲ ಸೋಮವಾರಕ್ಕೆ ಮಂಡಳಿಗೆ ಸೇರಿದವು. ಪೇಟಿ ಬಾರಿಸುವ ಹಿರಿಯರು ನಡುವಿನ ಪುಟಗಳನ್ನು ತೆರೆದಾಗ ಒಳಸಾಲುಗಳು ಇನ್ನೂ ತುಸು ಬಾಗಿದಂತೆ ಕಾಣುತ್ತವೆ ಎಂದರು. ಆದ್ದರಿಂದ ಎರಡನೆಯ ಮುದ್ರಣಕ್ಕೆ ಒಳ ಮಾರ್ಜಿನ್ನನ್ನು 35 ಮಾಡಿ ಇಟ್ಟುಕೊಂಡಿದ್ದೇನೆ.