ಜಾಲತಾಣ ಕೆಟ್ಟು ನಿಂತಾಗ ಯಾರನ್ನು ಕೇಳಬೇಕು? ನಾಲ್ಕು ದಾರಿಗಳ ಹೋಲಿಕೆ

ಜಾಲತಾಣ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಒಂದು ತಾಣವನ್ನು ನಾನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ವರ್ಡ್‌ಪ್ರೆಸ್ ಬರೆಯಲಾದ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿಯ, ಸರ್ವರ್‌ನಲ್ಲಿದ್ದ 7.4 ಆವೃತ್ತಿಯನ್ನು 8.0ಕ್ಕೆ ಏರಿಸಿದ ದಿನ ಆ ತಾಣದ ಎಲ್ಲ ಪುಟಗಳೂ ಮಾಯವಾಗಿ, ಗಂಭೀರ ದೋಷ ಉಂಟಾಗಿದೆ ಎಂಬ ಒಂದೇ ಸಾಲು ಬಿಳಿಯ ಪರದೆಯ ಮೇಲೆ ಉಳಿಯಿತು. ಗಾಬರಿಯಲ್ಲಿ ಅದೇ ತೊಂದರೆಯನ್ನು ಮೂರು ಕಡೆ ಹೇಳಿಕೊಂಡೆ: ತಾಣಕ್ಕೆ ಸರ್ವರ್ ಒದಗಿಸುವ ಹೋಸ್ಟಿಂಗ್ ಕಂಪನಿಗೆ, ವರ್ಡ್‌ಪ್ರೆಸ್.ಆರ್ಗ್‌ನ ಸಹಾಯ ವೇದಿಕೆಯಲ್ಲಿ, ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವೊಂದರಲ್ಲಿ. ಹಣ ಕೊಟ್ಟು ಸಹಾಯ ಪಡೆಯುವ ನಾಲ್ಕನೆಯ ದಾರಿಯ ಅನುಭವ ಬೇರೊಂದು ತಾಣದಿಂದ ಬಂತು. ಇವುಗಳನ್ನು ತೂಗಿ ನೋಡುವಾಗ ನಾನು ಮುಖ್ಯವಾಗಿ ಗಮನಿಸಿದ್ದು, ಉತ್ತರ ಕೊಡುವವರ ಕಣ್ಣಿಗೆ ನಮ್ಮ ತಾಣದ ಎಷ್ಟು ಭಾಗ ಕಾಣುತ್ತದೆ ಎಂಬುದನ್ನು.

ಎಲ್ಲಕ್ಕಿಂತ ಬೇಗ ನೆರವಾದವರು ಹೋಸ್ಟಿಂಗ್ ಕಂಪನಿಯವರು. ಸರ್ವರ್ ಅವರದೇ ಆದ್ದರಿಂದ ಅದರ ದೋಷದ ಲಾಗ್ (ದೋಷಗಳು ದಾಖಲಾಗುವ ಫೈಲ್) ಅವರಿಗೆ ನೇರವಾಗಿ ಸಿಗುತ್ತದೆ. ಕೆಲವೇ ನಿಮಿಷಗಳಲ್ಲಿ ಪಿಎಚ್‌ಪಿಯನ್ನು ಮತ್ತೆ 7.4ಕ್ಕೆ ಇಳಿಸಿದರು, ತಾಣ ತೆರೆದುಕೊಂಡಿತು. ಆದರೆ ಯಾವ ಪ್ಲಗಿನ್‌ನಿಂದ (ತಾಣಕ್ಕೆ ಹೆಚ್ಚಿನ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶದಿಂದ) ಹೀಗಾಯಿತು ಎಂದು ಕೇಳಿದಾಗ, ತಂತ್ರಾಂಶದ ಒಳಗಿನ ವಿಷಯ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಆ ಮಾತಿನಲ್ಲಿ ತಪ್ಪೇನೂ ಇಲ್ಲ. ಮೆಮೊರಿ ಸಾಲದೆ ಪುಟ ನಿಂತುಹೋಗುವುದು, ಫೈಲ್‌ಗಳ ಅನುಮತಿ ಕೆಡುವುದು, ಬ್ಯಾಕಪ್‌ನಿಂದ ತಾಣವನ್ನು ಮರಳಿ ತರುವುದು ಇಂಥ ಕೆಲಸಗಳಿಗೆ ಅವರನ್ನು ಬಿಟ್ಟರೆ ಬೇರೆ ಯಾರೂ ಒದಗುವುದಿಲ್ಲ. ಅವರು ಕೊಟ್ಟದ್ದು ಮಾತ್ರ ತಾತ್ಕಾಲಿಕ ಪರಿಹಾರವಾಗಿತ್ತು, ಏಕೆಂದರೆ ಪಿಎಚ್‌ಪಿ 7.4ಕ್ಕೆ ಭದ್ರತಾ ತಿದ್ದುಪಡಿಗಳು 2022ರ ನವೆಂಬರ್‌ಗೆ ನಿಂತವು. ಹಳೆಯ ಆವೃತ್ತಿಯಲ್ಲೇ ಕುಳಿತರೆ ಇಂದಲ್ಲ ನಾಳೆ ಇನ್ನೊಂದು ಅಪಾಯ ಕಾದಿರುತ್ತದೆ.

ವರ್ಡ್‌ಪ್ರೆಸ್.ಆರ್ಗ್‌ನ ವೇದಿಕೆಯಲ್ಲಿ ನಾನು ಮೊದಲು ಬರೆದದ್ದು ಇಷ್ಟೇ: ಅಪ್‌ಡೇಟ್ ಮಾಡಿದ ಮೇಲೆ ತಾಣ ತೆರೆಯುತ್ತಿಲ್ಲ, ದಯವಿಟ್ಟು ಸಹಾಯ ಮಾಡಿ. ಇಡೀ ದಿನ ಯಾರೂ ಉತ್ತರಿಸಲಿಲ್ಲ. ಅಲ್ಲಿ ಉತ್ತರಿಸುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು; ನಮ್ಮ ಸರ್ವರ್ ಅವರಿಗೆ ಕಾಣುವುದಿಲ್ಲ, ನಮ್ಮ ಡ್ಯಾಶ್‌ಬೋರ್ಡ್ ಕಾಣುವುದಿಲ್ಲ, ನಾವು ಬರೆದ ಸಾಲುಗಳಷ್ಟೇ ಕಾಣುತ್ತವೆ. ನನ್ನ ಸಾಲುಗಳಲ್ಲಿ ಹಿಡಿದು ಮುಂದುವರಿಯಲು ಏನೂ ಇರಲಿಲ್ಲ. ಮರುದಿನ ಒಬ್ಬರು, ಡೀಬಗ್ ಲಾಗ್ ತೆಗೆದು ಕೊನೆಯ ಕೆಲವು ಸಾಲುಗಳನ್ನು ಅಂಟಿಸಿ ಎಂದರು. ವರ್ಡ್‌ಪ್ರೆಸ್‌ನ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್‌ನಲ್ಲಿ ಡೀಬಗ್ (ದೋಷ ಪತ್ತೆ) ಮತ್ತು ಲಾಗ್ ಎರಡನ್ನೂ ಚಾಲೂ ಮಾಡಿ, ದೋಷಗಳು ಪುಟದ ಮೇಲೆ ಓದುಗರಿಗೆ ಕಾಣದಂತೆ ಪ್ರದರ್ಶನವನ್ನು ಆಫ್ ಮಾಡಬೇಕು. ಆಗ ಕಂಟೆಂಟ್ ಫೋಲ್ಡರ್‌ನಲ್ಲಿ ಡೀಬಗ್ ಲಾಗ್ ಎಂಬ ಫೈಲ್ ಹುಟ್ಟುತ್ತದೆ. ಸ್ವಲ್ಪ ಹೊತ್ತು ಮತ್ತೆ 8.0ಕ್ಕೆ ಏರಿಸಿ ಆ ಫೈಲ್ ತೆರೆದೆ. ‘ಕ್ರಿಯೇಟ್ ಫಂಕ್ಷನ್’ ಎಂಬ ಪಿಎಚ್‌ಪಿ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್ ತುಣುಕು) ಇಲ್ಲವೆಂಬ ದೂರು, ಅದರ ಪಕ್ಕದಲ್ಲೇ ಚಿತ್ರಗಳ ಸ್ಲೈಡರ್ ತೋರಿಸುವ ಒಂದು ಹಳೆಯ ಪ್ಲಗಿನ್‌ನ ಫೋಲ್ಡರ್ ಹೆಸರು, ಅದರಲ್ಲಿನ ಫೈಲ್ ಮತ್ತು ಸಾಲಿನ ಸಂಖ್ಯೆ, ಎಲ್ಲವೂ ಒಂದೇ ಕಡೆ ಇದ್ದವು.

ಅದನ್ನು ಅಂಟಿಸಿದ ಒಂದು ಗಂಟೆಯೊಳಗೆ ಪೂರ್ಣ ಉತ್ತರ ಬಂತು. ಪಿಎಚ್‌ಪಿ 7.2ರಲ್ಲಿ ಕೈಬಿಡಬೇಕಾದದ್ದೆಂದು ಗುರುತಿಸಲಾಗಿದ್ದ ಆ ಫಂಕ್ಷನ್ 8.0ರಲ್ಲಿ ಸಂಪೂರ್ಣವಾಗಿ ತೆಗೆದುಹಾಕಲ್ಪಟ್ಟಿದೆ. ಪ್ಲಗಿನ್ ಫೋಲ್ಡರ್‌ನ ಹೆಸರು ಬದಲಿಸಿದರೆ ಅದು ತಾನಾಗಿ ನಿಷ್ಕ್ರಿಯವಾಗಿ ತಾಣ ತೆರೆಯುತ್ತದೆ. ಪ್ಲಗಿನ್ ಬರೆದವರು ವರ್ಷಗಳಿಂದ ಅದನ್ನು ಮುಟ್ಟಿಲ್ಲವಾದ್ದರಿಂದ ಬೇರೊಂದನ್ನು ಹುಡುಕಿಕೊಳ್ಳುವುದು ಲೇಸು. ಮೂರು ಮಾತುಗಳೂ ನಿಜವಾಗಿದ್ದವು, ಮೂರೂ ಕೆಲಸಕ್ಕೆ ಬಂದವು. ಅಂದಿನಿಂದ ನಾನು ಆ ವೇದಿಕೆಗೆ ಬರಿಗೈಯಲ್ಲಿ ಹೋಗಿಲ್ಲ. ವರ್ಡ್‌ಪ್ರೆಸ್ 5.2ರಿಂದ ಇರುವ ಸೈಟ್ ಹೆಲ್ತ್ ಪುಟದ ಮಾಹಿತಿ ವಿಭಾಗದಲ್ಲಿ ಆವೃತ್ತಿಗಳು, ಥೀಮ್ (ತಾಣದ ರೂಪವಿನ್ಯಾಸ), ಪ್ಲಗಿನ್‌ಗಳ ಪಟ್ಟಿ ಎಲ್ಲವನ್ನೂ ಒಂದೇ ಗುಂಡಿಯಿಂದ ನಕಲಿಸಿಕೊಳ್ಳಬಹುದು. ವರ್ಡ್‌ಪ್ರೆಸ್‌ನಂಥದೇ ಇನ್ನೊಂದು ತಂತ್ರಾಂಶವಾದ ಜೂಮ್ಲಾದ ವೇದಿಕೆಯಲ್ಲಿ ಇದೇ ಕೆಲಸಕ್ಕೆ ಫೋರಂ ಪೋಸ್ಟ್ ಅಸಿಸ್ಟೆಂಟ್ ಎಂಬ ಸಾಧನವಿದೆ. ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ವರ್ಡ್‌ಪ್ರೆಸ್.ಆರ್ಗ್ ವೇದಿಕೆಯಲ್ಲಿ ಯಾರೂ ನಮ್ಮ ತಾಣದ ಪಾಸ್‌ವರ್ಡ್ ಕೇಳುವಂತಿಲ್ಲ ಎಂಬುದು ಅಲ್ಲಿನ ಸ್ಪಷ್ಟ ನಿಯಮ. ಕೇಳಿದವರು ಎಷ್ಟೇ ವಿನಯದಿಂದ ಕೇಳಿದರೂ ಕೊಡಬಾರದು.

ಪ್ರಶ್ನೋತ್ತರ ತಾಣಗಳ ಸ್ವಭಾವವೇ ಬೇರೆ. 2008ರಲ್ಲಿ ಆರಂಭವಾದ ಸ್ಟಾಕ್ ಓವರ್‌ಫ್ಲೋ ಮತ್ತು ಅದೇ ಬಳಗದ ವರ್ಡ್‌ಪ್ರೆಸ್, ಡ್ರುಪಾಲ್ (ಇದೂ ತಾಣ ಕಟ್ಟುವ ತಂತ್ರಾಂಶ) ವಿಭಾಗಗಳಲ್ಲಿ ಹರಟೆಗೆ ಜಾಗವಿಲ್ಲ. ಒಂದು ಪ್ರಶ್ನೆ, ಅದಕ್ಕೆ ಉತ್ತರಗಳು, ಓದಿದವರ ಮತಗಳು, ಪ್ರಶ್ನೆ ಕೇಳಿದವರು ಒಪ್ಪಿದ ಉತ್ತರಕ್ಕೆ ಹಸಿರು ಗುರುತು, ಇಷ್ಟೇ. ವರ್ಡ್‌ಪ್ರೆಸ್ ವಿಭಾಗದಲ್ಲಿ ನಿರ್ದಿಷ್ಟ ಪ್ಲಗಿನ್ ಅಥವಾ ಥೀಮ್ ಕುರಿತ ಪ್ರಶ್ನೆಗಳು ವ್ಯಾಪ್ತಿಯ ಹೊರಗೆ ಉಳಿಯುತ್ತವೆ. ಆದ್ದರಿಂದ ತಾಣ ಕೆಟ್ಟಿದೆ ಎಂದು ಅಳಲು ತೋಡಿಕೊಳ್ಳುವವರಿಗೆ ಇದು ಒಗ್ಗದ ಜಾಗ. ನಾನು ಅಲ್ಲಿ ಕೇಳಿದ್ದು ಕೋಡ್ ಬಗ್ಗೆ ಮಾತ್ರ: ವಿಜೆಟ್ (ಪುಟದ ಬದಿಯಲ್ಲಿ ಕೂರಿಸುವ ಸಣ್ಣ ಭಾಗ) ನೋಂದಾಯಿಸುವಾಗ ‘ಕ್ರಿಯೇಟ್ ಫಂಕ್ಷನ್’ ಬಳಸಿದ ಸಾಲಿನ ಬದಲು ಏನು ಬರೆಯಬೇಕು? ಪಿಎಚ್‌ಪಿ 5.3ರಿಂದಲೇ ಇರುವ ಹೆಸರಿಲ್ಲದ ಫಂಕ್ಷನ್ ಬಳಸಿ ಎಂದು ಒಂದೇ ಸಾಲಿನ ಕೋಡ್ ಸಹಿತ ಉತ್ತರ ಬಂತು. ಹೊಸ ಪ್ಲಗಿನ್ ಸಿಗುವವರೆಗೆ ಹಳೆಯದನ್ನು ಆ ತಿದ್ದುಪಡಿಯಿಂದಲೇ ನಡೆಸಿದೆ. ಕೋಡ್ ಓದಬಲ್ಲವರಿಗೆ ಇದಕ್ಕಿಂತ ನಿಖರವಾದ ಸಹಾಯ ನನಗೆ ಬೇರೆಲ್ಲೂ ದೊರೆತಿಲ್ಲ. ಆದರೆ ಉತ್ತರದ ದಿನಾಂಕವನ್ನು ನೋಡದೆ ನಕಲಿಸಬಾರದು. ಅದೇ ಹುಡುಕಾಟದಲ್ಲಿ, ನೂರಾರು ಮತ ಪಡೆದು ಮೇಲೆ ಕುಳಿತಿದ್ದ ಒಂದು ಹಳೆಯ ಉತ್ತರ, ನನ್ನ ತಾಣವನ್ನು ಕೆಡಿಸಿದ ಆ ಫಂಕ್ಷನ್ ಅನ್ನೇ ಬಳಸಲು ಹೇಳುತ್ತಿತ್ತು. ಬರೆದ ಕಾಲಕ್ಕೆ ಅದು ಸರಿಯಾಗಿಯೇ ಇತ್ತು.

ಹಣ ಕೊಟ್ಟು ಕೊಳ್ಳುವ ಸಹಾಯದ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಸರಳವಾಗಿಲ್ಲ. 2020ರ ಆಗಸ್ಟ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.5ರಲ್ಲಿ ಹಳೆಯ ಜಾವಾಸ್ಕ್ರಿಪ್ಟ್ ಕೋಡ್ ಓಡಲು ನೆರವಾಗುತ್ತಿದ್ದ ಜೆಕ್ವೆರಿ ಮೈಗ್ರೇಟ್ ಎಂಬ ಸ್ಕ್ರಿಪ್ಟ್ ಅನ್ನು ತೆಗೆದರು. ಅದರ ಆಸರೆಯಲ್ಲಿ ಓಡುತ್ತಿದ್ದ ಎಷ್ಟೋ ಹಳೆಯ ಥೀಮ್‌ಗಳ ಮೆನು, ಗುಂಡಿಗಳು ಕೆಲಸ ನಿಲ್ಲಿಸಿದವು. ನಾನು ನೋಡಿಕೊಳ್ಳುತ್ತಿದ್ದ ಮಾರಾಟದ ತಾಣವೊಂದರಲ್ಲಿ ಗ್ರಾಹಕರು ಆರ್ಡರ್ ಗುಂಡಿ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಥೀಮ್ ಹಣ ಕೊಟ್ಟು ಕೊಂಡದ್ದಾಗಿತ್ತು, ಅಂಥವುಗಳಿಗೆ ವರ್ಡ್‌ಪ್ರೆಸ್.ಆರ್ಗ್ ವೇದಿಕೆಯಲ್ಲಿ ಸಹಾಯ ಕೊಡುವುದಿಲ್ಲ, ಮಾರಿದವರನ್ನೇ ಕೇಳಬೇಕು. ಅವರಿಗೆ ಟಿಕೆಟ್ (ಸಹಾಯದ ಕೋರಿಕೆ) ಹಾಕಿದೆ, ತಾತ್ಕಾಲಿಕ ಖಾತೆಯೊಂದನ್ನು ಮಾಡಿಕೊಟ್ಟೆ. ಅವರು ಒಳಗೆ ಬಂದು ಎಲ್ಲವನ್ನೂ ಕಣ್ಣಾರೆ ನೋಡಿದ್ದರಿಂದ ಒಂದು ಪ್ರಶ್ನೆಯನ್ನೂ ಮರಳಿ ಕೇಳದೆ ಎರಡೇ ದಿನದಲ್ಲಿ ಸರಿಮಾಡಿದರು. ಏನು ಕೆಟ್ಟಿತ್ತು, ಏನು ಬದಲಿಸಿದರು ಎಂದು ತಿಳಿಸಲಿಲ್ಲ. ಮೂಲ ಥೀಮ್ ಅಪ್‌ಡೇಟ್ ಆದರೂ ಅಳಿಯದ ಚೈಲ್ಡ್ ಥೀಮ್‌ನಲ್ಲಿ ಬರೆಯಬೇಕಿದ್ದ ತಿದ್ದುಪಡಿಯನ್ನು ಅವರು ಮೂಲ ಥೀಮ್‌ನ ಫೈಲ್‌ನಲ್ಲೇ ಬರೆದಿದ್ದರೆಂಬುದು, ಮುಂದಿನ ಅಪ್‌ಡೇಟ್‌ನಲ್ಲಿ ಅದು ಅಳಿಸಿಹೋಗಿ ಗುಂಡಿ ಮತ್ತೆ ಕೆಟ್ಟಾಗ ಗೊತ್ತಾಯಿತು. ಆ ವೇಳೆಗೆ ಸಹಾಯದ ಅವಧಿ ಮುಗಿದಿತ್ತು. ಈಗ ಟಿಕೆಟ್ ಹಾಕುವಾಗಲೇ, ಬದಲಿಸಿದ ಫೈಲ್‌ಗಳ ಹೆಸರನ್ನು ಬರೆದು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕೆಲಸ ಮುಗಿದ ಕೂಡಲೇ ಆ ಖಾತೆಯನ್ನು ಅಳಿಸುತ್ತೇನೆ.

ಚಾಟ್‌ಬಾಟ್‌ಗಳನ್ನು ಐದನೆಯ ದಾರಿಯೆಂದು ಎಣಿಸಲು ನನಗೆ ಇನ್ನೂ ಮನಸ್ಸು ಬಂದಿಲ್ಲ. ಉದ್ದನೆಯ ಲಾಗ್ ಓದಿ ಮುಖ್ಯವಾದ ಸಾಲನ್ನು ತೋರಿಸುವುದರಲ್ಲಿ ಅವು ನಿಜಕ್ಕೂ ಉಪಕಾರಿ. ಆದರೆ ತಪ್ಪು ಹೇಳಿದಾಗ ಪಕ್ಕದಲ್ಲಿ ನಿಂತು ತಿದ್ದುವ ಇನ್ನೊಬ್ಬರು ಅಲ್ಲಿಲ್ಲ. ಇಲ್ಲದ ಸೆಟ್ಟಿಂಗ್ ಒಂದರ ಹೆಸರನ್ನು ನಂಬಿ ನಾನು ಅರ್ಧ ದಿನ ಹುಡುಕಿದ್ದೇನೆ. ಚಾಟ್‌ಜಿಪಿಟಿಯಿಂದ ತಯಾರಾದ ಉತ್ತರಗಳನ್ನು ಸ್ಟಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲಿ ನಿಷೇಧಿಸಿದ್ದಕ್ಕೂ ನೋಡಲು ಸರಿಯೆನಿಸುವ ತಪ್ಪು ಉತ್ತರಗಳೇ ಕಾರಣವಾಗಿದ್ದವು.

ಒಂದನ್ನೇ ಆರಿಸಿ ಎಂದರೆ ನಾನು ವರ್ಡ್‌ಪ್ರೆಸ್.ಆರ್ಗ್ ವೇದಿಕೆಯನ್ನೇ ಆರಿಸುತ್ತೇನೆ, ಏಕೆಂದರೆ ಅಲ್ಲಿನ ಉತ್ತರ ಎಲ್ಲರೂ ಓದುವಂತೆ ಉಳಿಯುತ್ತದೆ, ಟಿಕೆಟ್‌ನಲ್ಲಿ ಸಿಕ್ಕ ಉತ್ತರ ನನ್ನ ಇಮೇಲ್‌ನಲ್ಲೇ ಮುಗಿದುಹೋಗುತ್ತದೆ. ಅದಕ್ಕಾಗಿಯೇ ಅಲ್ಲಿ ‘ಪರಿಹಾರವಾಗಿದೆ’ ಎಂದು ಗುರುತು ಹಾಕುವ ಮುನ್ನ ಯಾವ ಫೈಲ್‌ನ ಯಾವ ಸಾಲನ್ನು ಹೇಗೆ ಬದಲಿಸಿದೆ ಎಂದು ಪೂರ್ಣವಾಗಿ ಬರೆಯುತ್ತೇನೆ. ಮಾರಾಟದ ತಾಣಕ್ಕೆ ಮಾತ್ರ ಈ ಆಯ್ಕೆ ಹೊಂದುವುದಿಲ್ಲ. ಆರ್ಡರ್‌ಗಳು ನಿಂತಿರುವಾಗ ಸ್ವಯಂಸೇವಕರ ಬಿಡುವಿಗಾಗಿ ಕಾಯಲಾಗದು. ಅಲ್ಲಿ ಮೊದಲು ಹೋಸ್ಟಿಂಗ್‌ನವರಿಂದ ಹಿಂದಿನ ದಿನದ ಫೈಲ್‌ಗಳನ್ನು ಮರಳಿ ತರಿಸಿ, ಡೇಟಾಬೇಸ್‌ನಲ್ಲಿರುವ ಹೊಸ ಆರ್ಡರ್‌ಗಳು ಅಳಿಯದಂತೆ ಅದನ್ನು ಮುಟ್ಟಬೇಡಿ ಎಂದು ಸ್ಪಷ್ಟವಾಗಿ ಬರೆದು, ಆಮೇಲೆ ಟಿಕೆಟ್ ಹಾಕುತ್ತೇನೆ.