ಪಿಎಚ್‌ಪಿ ಮ್ಯಾನುಯಲ್‌ನ ಇನ್ಹೆರಿಟೆನ್ಸ್ ಪುಟ: ನಿಯಮ ಇದೆ, ಕಾರಣ ಇಲ್ಲ

ಜಯನಗರದ ನಮ್ಮ ಚಿಕ್ಕ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದಳು. "ಸರ್, ಕ್ಲಾಸ್ ಇದೇ ಫೈಲಲ್ಲಿದೆ, ಆದ್ರೂ ನಾಟ್ ಫೌಂಡ್ ಅಂತಿದೆ." ನೋಡಿದರೆ ನಿಜ, ಆ ಕ್ಲಾಸ್ (ಡೇಟಾ ಮತ್ತು ಅದರ ಕೆಲಸಗಳನ್ನು ಒಟ್ಟಿಗೆ ಕಟ್ಟಿದ ಕೋಡ್ ತುಂಡು) ಹತ್ತು ಸಾಲು ಕೆಳಗೇ ಇತ್ತು.

ಇದಕ್ಕೆ ಉತ್ತರ ವೆಬ್‌ಸೈಟ್ ಕೋಡ್ ಬರೆಯುವ ಭಾಷೆ ಪಿಎಚ್‌ಪಿಯ ಅಧಿಕೃತ ಮ್ಯಾನುಯಲ್‌ನಲ್ಲಿದೆ. ಒಂದು ಕ್ಲಾಸ್ (ಚೈಲ್ಡ್) ಇನ್ನೊಂದರಿಂದ (ಪೇರೆಂಟ್) ಗುಣಗಳನ್ನು ಪಡೆಯುವುದೇ ಇನ್ಹೆರಿಟೆನ್ಸ್. ಆ ಪುಟದಲ್ಲೊಂದು ಪುಟ್ಟ ಟಿಪ್ಪಣಿ: ಆಟೋಲೋಡ್ (ಬೇಕಾದ ಕ್ಲಾಸಿನ ಫೈಲನ್ನು ತಾನಾಗಿ ತರುವ ವ್ಯವಸ್ಥೆ) ಇಲ್ಲದಿದ್ದರೆ ಕ್ಲಾಸನ್ನು ಬಳಸುವ ಮೊದಲೇ ಬರೆದಿರಬೇಕು, ಪೇರೆಂಟ್ ಕ್ಲಾಸ್ ಚೈಲ್ಡ್‌ಗಿಂತ ಮೊದಲು ಬರಬೇಕು, ಇಂಟರ್‌ಫೇಸಿಗೂ (ಕ್ಲಾಸಿನಲ್ಲಿ ಯಾವ ಕೆಲಸಗಳು ಇರಬೇಕೆಂದು ಹೇಳುವ ಪಟ್ಟಿ) ಇದೇ ನಿಯಮ. ಸುಮ್ನೆ ಎಳೆದಾಡಿಲ್ಲ. ಹಾಗೇ ಪಾಲಿಸಿದರೆ ಈ ತೊಂದರೆ ಬರುವುದೇ ಇಲ್ಲ, ಅದಕ್ಕೇ ನನಗೆ ಈ ಪುಟ ಇಷ್ಟ.

ಆದರೆ ಯಾಕೆ ಅಂತ ಹೇಳುವುದಿಲ್ಲ. ನಿಯಮ ಮುರಿದರೂ ಎಷ್ಟೋ ಸಲ ಕೋಡ್ ಓಡುತ್ತದೆ, ಕಷ್ಟ ಇರುವುದೇ ಅಲ್ಲಿ. ಅವಳ ಎದುರಿಗೇ ಒಂದು ಖಾಲಿ ಫೈಲ್ ತೆರೆದೆ. ಎರಡು ಕ್ಲಾಸ್: ಮೇಲೆ ಅಪ್ಪ, ಕೆಳಗೆ ಅಜ್ಜ. ಅಪ್ಪ ಅಜ್ಜನನ್ನು ಎಕ್ಸ್‌ಟೆಂಡ್ ಮಾಡುತ್ತಾನೆ, ಅಂದರೆ ಅಜ್ಜನೇ ಅವನ ಪೇರೆಂಟ್. ಓಡಿತು! ಅಜ್ಜನಿಗೆ ಪೇರೆಂಟ್ ಇಲ್ಲವಲ್ಲ, ಹಾಗಾಗಿ ಮೊದಲ ಸಾಲು ಓಡುವ ಮುಂಚೆ, ಕಂಪೈಲ್ ಆಗುವಾಗಲೇ (ಓಡಿಸಲು ಕೋಡನ್ನು ಸಿದ್ಧಮಾಡುವ ಹಂತದಲ್ಲೇ) ಪಿಎಚ್‌ಪಿ ಅವನ ಹೆಸರು ಬರೆದುಕೊಂಡಿರುತ್ತದೆ, ಅಪ್ಪನ ಸಾಲಿಗೆ ಬರುವಷ್ಟರಲ್ಲಿ ಅಜ್ಜ ಸಿದ್ಧ. ಆಮೇಲೆ ಎಲ್ಲಕ್ಕಿಂತ ಮೇಲೆ, ಅಪ್ಪನನ್ನು ಎಕ್ಸ್‌ಟೆಂಡ್ ಮಾಡುವ ಮಗನನ್ನು ಸೇರಿಸಿದೆ. ಮಗ, ಅಪ್ಪ, ಅಜ್ಜ. ತಕ್ಷಣ ಫೇಟಲ್ ಎರರ್ (ಕೋಡನ್ನೇ ನಿಲ್ಲಿಸುವ ದೋಷ), ಅಪ್ಪ ಸಿಗಲಿಲ್ಲ ಅಂತ. ಅಪ್ಪನ ಪೇರೆಂಟ್ ಅಜ್ಜ ಕೆಳಗಿರುವುದರಿಂದ ಅಪ್ಪ ತನ್ನ ಸಾಲು ಬರುವ ತನಕ ಕಾಯಬೇಕು, ಮಗನಿಗೆ ಅವನು ಅದಕ್ಕೂ ಮೊದಲೇ ಬೇಕು. "ಓ, ಅಷ್ಟೇನಾ ಸರ್!" ಅಂದಳು.

ಇಂಥ ಮೂರು ಕ್ಲಾಸಿನ ಉದಾಹರಣೆ ಆ ಟಿಪ್ಪಣಿಯ ಕೆಳಗೇ ಬೇಕಿತ್ತು. ಎರಡೇ ಕ್ಲಾಸ್ ಇಟ್ಟು ಪರೀಕ್ಷಿಸಿದವರು ಕ್ರಮ ಹೇಗಿದ್ದರೂ ನಡೆಯುತ್ತೆ ಅಂದುಕೊಳ್ಳುತ್ತಾರೆ.

ಈಗ ಜಾಸ್ತಿ ಜನ ಒಂದು ಫೈಲಿಗೆ ಒಂದೇ ಕ್ಲಾಸ್ ಬರೆದು ಕಂಪೋಸರ್ ಎಂಬ ಪಿಎಚ್‌ಪಿ ಉಪಕರಣದ ಆಟೋಲೋಡ್ ಹಾಕಿಕೊಳ್ಳುತ್ತಾರೆ, ಅವರಿಗೆ ಇದು ಕಣ್ಣಿಗೇ ಬೀಳಲಿಕ್ಕಿಲ್ಲ. ಎಲ್ಲವನ್ನೂ ಒಂದೇ ಫೈಲಿಗೆ ತುಂಬಿದ ಹಳೇ ಕೋಡ್ ಕೈಗೆ ಬಂದವರು ಮಾತ್ರ ಮೊದಲು ಈ ಪುಟ ಓದಿ. ಮ್ಯಾನುಯಲ್ ಜಪಾನಿ, ಟರ್ಕಿಶ್‌ನಲ್ಲೂ ಸಿಗುತ್ತದೆ, ಕನ್ನಡದಲ್ಲಿಲ್ಲ. ಇದು ನನಗೆ ನಿಜಕ್ಕೂ ಬೇಜಾರು. ಸದ್ಯಕ್ಕೆ ಆ ಹುಡುಗಿಯ ಫೈಲಿನಲ್ಲಿ ಕಾಮೆಂಟ್ ಹಾಕಿದ್ದೇವೆ, ಕನ್ನಡದಲ್ಲೇ: ಮೊದಲು ಅಜ್ಜ, ಆಮೇಲೆ ಅಪ್ಪ, ಕೊನೆಗೆ ಮಗ.

5ಕ್ಕೆ 4 ಅಂಕ.