ಖಾನ್ ಅಕಾಡೆಮಿಯ ಎಸ್‌ಎಟಿ ಓದಿನ ಪಾಠಗಳು: ವಾದವನ್ನು ಬಿಡಿಸಿ ನೋಡುವ ಅಭ್ಯಾಸಕ್ಕೆ ಎಷ್ಟು ಉಪಯುಕ್ತ?

ಅಮೆರಿಕದ ಕಾಲೇಜುಗಳಲ್ಲಿ ಪದವಿಗೆ ಸೇರಬಯಸುವವರು ಬರೆಯುವ ಎಸ್‌ಎಟಿ ಪರೀಕ್ಷೆಗೆ ಅಂತರ್ಜಾಲದ ಉಚಿತ ಕಲಿಕಾ ತಾಣವಾದ ಖಾನ್ ಅಕಾಡೆಮಿಯು ಆ ಪರೀಕ್ಷೆಯನ್ನು ನಡೆಸುವ ಕಾಲೇಜ್ ಬೋರ್ಡ್‌ನ ಸಹಯೋಗದಲ್ಲಿ 2015ರಿಂದ ಉಚಿತ ತರಬೇತಿ ನೀಡುತ್ತ ಬಂದಿದೆ. ಅದರ ಗಣಿತ ಪಾಠಗಳ ಬಗ್ಗೆ ಎಲ್ಲರಿಗೂ ಗೊತ್ತು; ಓದು ಮತ್ತು ಬರಹದ ವಿಭಾಗಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ಲೇಖಕರು ಓದುಗರನ್ನು ಒಪ್ಪಿಸಲೆಂದೇ ಬರೆದ ಗದ್ಯಭಾಗದಲ್ಲಿ ಮುಖ್ಯ ಪ್ರತಿಪಾದನೆ ಯಾವುದು, ಅದಕ್ಕೆ ಒದಗಿಸಿದ ಸಮರ್ಥನೆ ಯಾವುದು ಎಂದು ಗುರುತಿಸುವುದನ್ನು ಈ ವಿಭಾಗ ಎಷ್ಟರಮಟ್ಟಿಗೆ ಕಲಿಸುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಇಲ್ಲಿನ ಅತ್ಯುತ್ತಮ ಭಾಗವೆಂದರೆ ಆಧಾರಗಳನ್ನು ಪರೀಕ್ಷಿಸುವ ಘಟಕ. ಆಯ್ಕೆಗಳ ಮೇಲೆ ಕಣ್ಣು ಹಾಯಿಸುವ ಮೊದಲೇ ಗದ್ಯಭಾಗದ ವಾದವನ್ನು ನಮ್ಮದೇ ಮಾತಿನಲ್ಲಿ ಒಂದು ಸಾಲಿಗೆ ಇಳಿಸಿಕೊಳ್ಳಬೇಕು, ಆಮೇಲೆ ಪ್ರತಿ ಆಯ್ಕೆಯನ್ನೂ ಆ ಸಾಲಿಗೆ ಒರೆಹಚ್ಚಬೇಕು ಎಂಬುದು ಅದು ಕಲಿಸುವ ಕ್ರಮ. ಕೇಳಲು ಸರಳವಾದರೂ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ನಮ್ಮ ಕಡೆಯದೇ ಉದಾಹರಣೆ ಕೊಡುವುದಾದರೆ, ‘ಕೆರೆಯ ಹೂಳೆತ್ತಿದ್ದರಿಂದಲೇ ಸುತ್ತಲಿನ ಬಾವಿಗಳಲ್ಲಿ ನೀರು ಏರಿತು’ ಎಂಬುದು ಪ್ರತಿಪಾದನೆ ಎಂದುಕೊಳ್ಳೋಣ. ಹೂಳೆತ್ತಿದ ಮೇಲೆ ಕೆರೆಗೆ ಹಕ್ಕಿಗಳು ಹೆಚ್ಚು ಬಂದವು ಎಂಬ ಆಯ್ಕೆ ನಿಜವಿರಬಹುದು, ಕೆರೆಗೆ ಸಂಬಂಧಿಸಿದ್ದೂ ಹೌದು. ಆದರೆ ಬಾವಿಯ ನೀರಿನ ಬಗ್ಗೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಅಷ್ಟೇ ಮಳೆ ಬಿದ್ದ, ಆದರೆ ಹೂಳೆತ್ತದ ಪಕ್ಕದೂರಿನ ಬಾವಿಗಳಲ್ಲಿ ನೀರು ಏರಲಿಲ್ಲ ಎಂಬ ಆಯ್ಕೆ ಮಾತ್ರ ವಾದಕ್ಕೆ ಬಲ ಕೊಡುತ್ತದೆ. ವಿಷಯಕ್ಕೆ ಸಂಬಂಧಿಸಿದ ಮಾತಿಗೂ ವಾದವನ್ನು ಎತ್ತಿಹಿಡಿಯುವ ಮಾತಿಗೂ ಇರುವ ಈ ವ್ಯತ್ಯಾಸವನ್ನು ಇಷ್ಟು ತಾಳ್ಮೆಯಿಂದ ತಿದ್ದಿಸುವ ಅಭ್ಯಾಸ ನಮ್ಮ ತರಗತಿಗಳಲ್ಲಿ ಅಪರೂಪ. ತಪ್ಪು ಆಯ್ಕೆ ಏಕೆ ತಪ್ಪು ಎಂಬ ವಿವರಣೆಯೂ ಸರಿಯುತ್ತರದ ಜೊತೆಗೇ ಸಿಗುವುದರಿಂದ ಊಹೆಯಿಂದ ಸರಿಯುತ್ತರ ಗುರುತಿಸಿದ ವಿದ್ಯಾರ್ಥಿಗೂ ಕಲಿಯಲು ಏನಾದರೂ ಉಳಿದಿರುತ್ತದೆ.

ಪಾಠಗಳು ಆರಂಭಿಕ, ಮಧ್ಯಮ, ಉನ್ನತ ಎಂದು ಮೂರು ಹಂತಗಳಲ್ಲಿವೆ. ಎರಡು ಗದ್ಯಭಾಗಗಳನ್ನು ಎದುರುಬದುರು ಇಟ್ಟು, ಒಬ್ಬ ಲೇಖಕರ ವಾದಕ್ಕೆ ಇನ್ನೊಬ್ಬರು ಏನು ಹೇಳಿಯಾರು ಎಂದು ಕೇಳುವ ಘಟಕವೂ ಸೊಗಸಾಗಿದೆ.

ಕೊರತೆಯೂ ಇದೆ, ಅದು ಸಣ್ಣದಲ್ಲ. ಈಗಿನ ಡಿಜಿಟಲ್ ಎಸ್‌ಎಟಿಯ ಈ ವಿಭಾಗದಲ್ಲಿ 64 ನಿಮಿಷಗಳಿಗೆ 54 ಪ್ರಶ್ನೆಗಳಿದ್ದು, ಗದ್ಯಭಾಗಗಳು 25ರಿಂದ 150 ಪದಗಳಷ್ಟು ಮಾತ್ರ ಇರುತ್ತವೆ, ಪ್ರಶ್ನೆಗೊಂದು ಗದ್ಯಭಾಗ. ಪಾಠಗಳೂ ಅದೇ ಅಳತೆಗೆ ಹೊಂದಿಕೊಂಡಿವೆ. ಇಷ್ಟು ಚಿಕ್ಕ ಬರಹದಲ್ಲಿ ಪ್ರತಿಪಾದನೆಯನ್ನು ಹುಡುಕುವ ಶ್ರಮವೇ ಇರುವುದಿಲ್ಲ, ಎಷ್ಟೋ ಸಲ ಅದನ್ನು ಪ್ರಶ್ನೆಯೇ ಹೇಳಿಬಿಟ್ಟಿರುತ್ತದೆ. ಹಿಂದಿನ ಮುದ್ರಿತ ಪರೀಕ್ಷೆಯಲ್ಲಿ 500ರಿಂದ 750 ಪದಗಳ ಗದ್ಯಭಾಗಗಳಿದ್ದವು. ಹಿಂದಿನ ಪ್ರಶ್ನೆಗೆ ಕೊಟ್ಟ ಉತ್ತರಕ್ಕೆ ಗದ್ಯಭಾಗದ ಯಾವ ಸಾಲುಗಳು ಆಧಾರ ಎಂದು ಕೇಳುವ ಜೋಡಿ ಪ್ರಶ್ನೆಗಳೂ ಇದ್ದವು.

ಉದ್ದದ ವಾದದಲ್ಲಿ ಆಗುವ ಗೊಂದಲಕ್ಕೆ ಅಮೆರಿಕದಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಟನಿ ಅವರ 1873ರ ಭಾಷಣ ಒಳ್ಳೆಯ ಉದಾಹರಣೆ. ಹೆಂಗಸರಿಗೆ ಮತದ ಹಕ್ಕಿಲ್ಲದಿದ್ದಾಗ 1872ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕಿದ್ದಕ್ಕಾಗಿ ಅವರನ್ನು ಬಂಧಿಸಲಾಗಿತ್ತು. ತಾನು ಮಾಡಿದ್ದು ಅಪರಾಧವಲ್ಲ, ಸಂವಿಧಾನ ಕೊಟ್ಟ ನಾಗರಿಕ ಹಕ್ಕಿನ ಚಲಾವಣೆ ಎಂದು ಅವರು ಆರಂಭದಲ್ಲೇ ಹೇಳುತ್ತಾರೆ, ಪ್ರತಿಪಾದನೆ ಅದೇ. ಸಂವಿಧಾನದ ಪೀಠಿಕೆ ಹೇಳುವ ಜನರು ಎಂದರೆ ಪುರುಷರಷ್ಟೇ ಅಲ್ಲ, ಇಡೀ ಜನಸಮುದಾಯ ಎಂಬುದು ಒಂದು ಸಮರ್ಥನೆ. ಹೆಂಗಸರು ವ್ಯಕ್ತಿಗಳೇ ಅಲ್ಲವೇ ಎಂದು ಕೇಳಿ, ವ್ಯಕ್ತಿಗಳೆಂದ ಮೇಲೆ ಅವರು ನಾಗರಿಕರು, ನಾಗರಿಕರ ಹಕ್ಕನ್ನು ಯಾವ ರಾಜ್ಯವೂ ಮೊಟಕುಗೊಳಿಸುವಂತಿಲ್ಲ ಎಂದು ಸಾಗುವುದು ಇನ್ನೊಂದು. ಇದನ್ನು ಓದಿದ ಬಹಳಷ್ಟು ವಿದ್ಯಾರ್ಥಿಗಳು ಹೆಂಗಸರು ವ್ಯಕ್ತಿಗಳೇ ಎಂಬ ಪ್ರಶ್ನೆಯನ್ನೇ ಪ್ರತಿಪಾದನೆ ಎಂದು ಗುರುತಿಸುತ್ತಾರೆ, ಏಕೆಂದರೆ ಮನಸ್ಸಿಗೆ ನಾಟುವುದು ಆ ಮಾತು. ಮತ ಹಾಕಿದ್ದು ಅಪರಾಧವಲ್ಲ ಎಂಬ ಸಾಲಿನ ಮುಂದೆ ‘ಏಕೆ?’ ಎಂದು ಕೇಳಿದರೆ ಭಾಷಣದ ಉಳಿದ ಭಾಗವೆಲ್ಲ ಅದಕ್ಕೆ ಉತ್ತರವಾಗುತ್ತದೆ. ಹೆಂಗಸರು ವ್ಯಕ್ತಿಗಳು ಎಂಬ ಮಾತು ಆ ಉತ್ತರದ ಒಂದು ಮೆಟ್ಟಿಲು ಮಾತ್ರ. ಇಂಥ ಶೋಧಕ್ಕೆ ನೂರೈವತ್ತು ಪದಗಳ ಅಭ್ಯಾಸದಲ್ಲಿ ಜಾಗವಿಲ್ಲ.

ಆದ್ದರಿಂದ ಎಸ್‌ಎಟಿ ಬರೆಯುವವರಿಗೆ ಈ ಪಾಠಗಳನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಹಣ ಕೊಟ್ಟು ಸೇರುವ ತರಗತಿಗೆ ಮುನ್ನ ಇದನ್ನು ಮುಗಿಸುವುದು ಲೇಸು. ಕಾನೂನು ಪದವಿಯ ಪ್ರವೇಶ ಪರೀಕ್ಷೆಯಾದ ಸಿಎಲ್‌ಎಟಿಗೆ ಓದುತ್ತಿರುವ ನಮ್ಮ ಪಿಯು ವಿದ್ಯಾರ್ಥಿಗಳಿಗೆ ಕ್ರಮ ಮಾತ್ರ ಉಪಯೋಗಕ್ಕೆ ಬರುತ್ತದೆ. ಅಲ್ಲಿ ತಾರ್ಕಿಕ ವಿಭಾಗದ ಪಠ್ಯಕ್ರಮವೇ ವಾದದ ಆಧಾರಗಳನ್ನೂ ತೀರ್ಮಾನವನ್ನೂ ಗುರುತಿಸಬೇಕೆಂದು ಹೇಳುತ್ತದೆ, ಗದ್ಯಭಾಗಗಳು ಸುಮಾರು 450 ಪದಗಳವರೆಗೂ ಇರಬಹುದು. ಅಂಥವರು ಇಲ್ಲಿ ಆಧಾರಗಳ ಘಟಕವನ್ನು ಕಲಿತು, ದಿನಪತ್ರಿಕೆಯ ಒಂದು ಸಂಪಾದಕೀಯವನ್ನು ತೆಗೆದುಕೊಂಡು, ಪ್ರತಿಪಾದನೆಯ ಸಾಲಿಗೆ ಅಡಿಗೆರೆ ಎಳೆದು, ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಆ ಸಾಲಿಗೆ ಏನು ಒದಗಿಸುತ್ತದೆ ಎಂದು ಬರೆಯುತ್ತ ಹೋಗಬೇಕು. ‘ಕೆಲವರು ಹೇಳುವಂತೆ’ ಎಂದು ಶುರುವಾಗುವ ಪ್ಯಾರಾಗಳಲ್ಲಿ ವಿಶೇಷ ಎಚ್ಚರ ಇರಲಿ. ಲೇಖಕರು ಅಲ್ಲಿ ಎದುರಾಳಿಯ ಮಾತನ್ನು ಹೇಳುತ್ತಿರುತ್ತಾರೆ, ತಮ್ಮದನ್ನಲ್ಲ.